ಗಿಡಕ್ಕೆ ಹೊಲಿದ ಎಲೆ

"ನಮ್ಮಪ್ಪ ಕೊಟ್ಟ ಗಿಡ ರೀ. ಇದಕ್ಕೇನಾದ್ರೂ ಆದ್ರೆ ನಾನು ಮನುಷ್ಯಳಾಗಿರಲ್ಲ ನೋಡಿ!"

ಹೀಗೆ ಗದರಿಸಿಯೇ ದರ್ಜಿಯ ಹೆಂಡತಿ ಅಕ್ಕನ ಮನೆಗೆ ಹೋಗಿದ್ದಳು. ಗಿಡವೆಂದರೆ ಕಳೆದ ಮಳೆಗಾಲದಲ್ಲಿ ಅವಳು ತಂದು ಹಿತ್ತಿಲಲ್ಲಿ ನೆಟ್ಟ ದೇವಕಣಗಿಲೆ. ಇವತ್ತು ಸಂಜೆ ಅವಳು ವಾಪಸ್ಸು ಬರುವವಳು. ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಿಲಿಗೆ ಬಂದ ದರ್ಜಿ ನೋಡುತ್ತಾನೆ, ನಲ್ಲಿಯ ನೀರು ಆಗಲೇ ಬೆಚ್ಚಗೆ, ಸೊಪ್ಪಿನ ಮಡಿ ಬಾಡಿ ಮಲಗಿದೆ, ದೇವಕಣಗಿಲೆಯ ಎಲೆಯೆಲ್ಲ ನೆಲದ ಮೇಲೆ! ಕೊಂಬೆಗಳು ಬೋಳಾಗಿ ನಿಂತಿವೆ. ಬ್ರಶ್ಶು ಬಾಯಲ್ಲೇ ಉಳಿಯಿತು.

ಪಕ್ಕದ ಮನೆ ಮೇಷ್ಟ್ರು ಗೋಡೆಯಾಚೆಯಿಂದ ಇಣುಕಿದರು. "ನೀರು ಜಾಸ್ತಿಯಾಗಿ ಬೇರು ಕೊಳೆತಿದೆ. ಬುಡ ಬಿಡಿಸಿ."

"ಇವನೆಲ್ಲಿ ನೀರು ಹಾಕಿದಾನೆ? ಸುರಿ ಮಗಾ, ಸುರಿ" ಎಂದರು ಎದುರುಮನೆ ಅಜ್ಜಿ, ಕರೆಯದೇ ಒಳಗೆ ಬಂದು.

ದರ್ಜಿ ಬುಡ ಬಿಡಿಸಿದ, ಮೇಲೆ ಕೊಡಗಟ್ಟಲೆ ನೀರೂ ಸುರಿದ, ಕೊನೆಗೆ ಆ ಕೆಸರಲ್ಲೇ ಜಾರಿ ಬಿದ್ದ. ಗಿಡ ಮಾತ್ರ ಜಪ್ಪಯ್ಯ ಅಂದರೂ ಚಿಗುರಲಿಲ್ಲ.

"ಸಂಜೆಗೆ ನಿನ್ನ ಕತೆ ಮುಗೀತು ಬಿಡಪ್ಪ" ಎಂದು ಅಜ್ಜಿ ಅಲ್ಲೇ ಕಲ್ಲಿನ ಮೇಲೆ ಕೂತರು.

ದರ್ಜಿಗೆ ಅಳುವುದೊಂದೇ ಬಾಕಿ. ಅಷ್ಟರಲ್ಲಿ ತಲೆಗೊಂದು ಉಪಾಯ ಹೊಳೆಯಿತು. ಒಳಗೆ ಓಡಿ ಬೀರುವಿನ ಮೂಲೆಯಿಂದ ಹಸಿರು ರೇಷ್ಮೆಯ ತುಂಡೊಂದನ್ನು ಎಳೆದು ತಂದ, ಎಲೆ ಎಲೆಯಾಗಿ ಕತ್ತರಿಸಿದ, ಅಭ್ಯಾಸಬಲ, ಅಂಚನ್ನೂ ಮಡಚಿ ಹೊಲಿದ! ಮಧ್ಯಾಹ್ನದ ಊಟ ಬಿಟ್ಟು ಒಂದೊಂದನ್ನೇ ಕೊಂಬೆಗೆ ಬಿಗಿದ, ನೆಲದ ಮೇಲೆ ಉದುರಿದ್ದನ್ನೆಲ್ಲ ಗುಡಿಸಿ ಎಸೆದ.

"ಭೇಷ್! ದೂರದಿಂದ ದೇವರಾಣೆಗೂ ಗೊತ್ತಾಗಲ್ಲ" ಎಂದರು ಮೇಷ್ಟ್ರು.

ಸಂಜೆ ಹೆಂಡತಿ ಚೀಲ ಇಳಿಸಿದವಳೇ ಹಿತ್ತಿಲಿಗೆ ಬಂದಳು. ಮುಖ ಸಪ್ಪಗಾಯಿತು.

"ಅಯ್ಯೋ, ಇನ್ನೂ ಎಲೆ ಉದುರೇ ಇಲ್ವಲ್ಲ! ಬೇಸಿಗೆಗೆ ಮುಂಚೆ ಇದು ಪೂರ್ತಿ ಬೋಳಾಗ್ಬೇಕು ರೀ. ಆಮೇಲೇ ಹೂವು."

"ಉದುರಿದೆ ಕಣೇ! ಒಂದೂ ಬಿಡದೆ ಉದುರಿದೆ!" ದರ್ಜಿ ಕುಣಿದೇಬಿಟ್ಟ. ಹೋದ ಜೀವ ಬಂದಂತಾಗಿ ಎಲ್ಲವನ್ನೂ ಒಪ್ಪಿಕೊಂಡ. ಕೊಂಬೆಯ ತುದಿಯಲ್ಲಿ ನಿಜವಾಗಿಯೂ ಮೊಗ್ಗಿತ್ತು. ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ದರ್ಜಿಯೂ ನಕ್ಕ. ಗೋಡೆಯಾಚೆ ಮೇಷ್ಟ್ರೂ ನಕ್ಕರು.

ನಗುತ್ತಲೇ ಅವಳು ಒಂದೆಲೆ ಮುಟ್ಟಿ ನೋಡಿದಳು. "ಇದೆಲ್ಲಿತ್ತು ಬಟ್ಟೆ?"

"ಬೀರುವಿನ ಮೂಲೇಲಿ. ಯಾರೋ ಗಿರಾಕಿ ಹೊಲಿಯೋಕೆ ಕೊಟ್ಟು ಮರೆತಿರ್ಬೇಕು, ವರ್ಷಗಳಿಂದ ಬಿದ್ದಿತ್ತು."

ಹೆಂಡತಿಯ ನಗು ನಿಂತಿತು.

"ಮರೆತಿದ್ದು ಗಿರಾಕಿ ಅಲ್ಲ ರೀ, ನೀವು. ನನಗೊಂದು ರವಿಕೆ ಹೊಲಿದುಕೊಡಿ ಅಂತ ನಾನೇ ಇಟ್ಟಿದ್ದು ಅದು. ಊರಿಗೆಲ್ಲ ಹೊಲಿದ್ರಿ, ಕೊನೆಗೆ ಗಿಡಕ್ಕೂ ಹೊಲಿದ್ರಿ!"