ಬೇಡ ಎಂದ ಹೆಸರು

ಕಾಗದದ ಮೇಲೆ ಹೆಸರು ಬಂದರೆ ಕೇಡು ಎಂದೇ ನಾನು ನಂಬಿದ್ದೆ. ಓದಿದ್ದು ಎಂಟನೇ ಕ್ಲಾಸು. ಅಲ್ಲಿ ನನ್ನ ಹೆಸರು ಬರೆದಿದ್ದು ಗಲಾಟೆ ಮಾಡಿದವರ ಪಟ್ಟಿಯಲ್ಲಿ ಮಾತ್ರ.

ಹತ್ತು ವರ್ಷದ ಹಿಂದೆ, ನಮ್ಮೂರ ಪಕ್ಕ 'ವರವು ಕಾವಲು' ಅನ್ನುವ ಹುಲ್ಲುಗಾವಲಿನ ಬಗ್ಗೆ ಸಂಶೋಧನೆ ಮಾಡಲು ವಿಶ್ವವಿದ್ಯಾಲಯದ ಒಬ್ಬ ಹಿರಿಯ ಮೇಷ್ಟ್ರು ಬಂದರು. ಜತೆಗೆ ಚಳ್ಳಕೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ನನ್ನ ಗೆಳೆಯ ತಿಪ್ಪೇಶ. ಅವನಿಗೆ ಹುಲ್ಲು ಗೊತ್ತಿಲ್ಲ, ಕುರಿ ಮೇಯಿಸುವ ನನ್ನನ್ನು ಎಳೆದುಕೊಂಡು ಹೋದ. ಎರಡು ತಿಂಗಳು ತಿರುಗಿದೆವು. ಯಾವ ಹುಲ್ಲು ಮೊದಲ ಮಳೆಗೇ ಏಳುತ್ತದೆ, ಯಾವುದನ್ನು ಕುರಿ ಮೂಸಿ ಬಿಡುತ್ತದೆ, ಎಲ್ಲ ಹೇಳಿದೆ. ಮೇಷ್ಟ್ರು ಬರೆದುಕೊಂಡರು. ತಿಪ್ಪೇಶ ಅವರ ನೀರಿನ ಬಾಟಲಿ ಹಿಡಿದುಕೊಂಡಿದ್ದ.

ಕೊನೆಯ ದಿನ ಮೇಷ್ಟ್ರು, "ಓಬಳೇಶ, ಲೇಖನದಲ್ಲಿ ನಮ್ಮಿಬ್ಬರ ಜೊತೆ ನಿನ್ನ ಹೆಸರೂ ಇರಲಿ. ಮುಂದೆ ನನ್ನ ಹತ್ರಾನೇ ಕೆಲಸಕ್ಕೆ ಬಾ, ಓದೂ ಮುಂದುವರಿಸು" ಅಂದರು. ನಾನು ಬೇಲಿಯ ಕಡೆ ನೋಡಿದೆ. ನಾನು ತೋರಿಸಿದ ಅರ್ಧ ಹುಲ್ಲು ಸರ್ಕಾರದ ಬೇಲಿಯ ಒಳಗಿನದು. ಅಲ್ಲಿ ಕುರಿ ಬಿಡುವಂತಿಲ್ಲ, ನಾನು ಕದ್ದು ಮೇಯಿಸುತ್ತಿದ್ದೆ. ಹೆಸರು ಹಾಕಿದರೆ ತಪ್ಪೊಪ್ಪಿಗೆ ಬರೆದುಕೊಟ್ಟ ಹಾಗೆ.

"ಬ್ಯಾಡ್ರಿ ಸಾರ್. ಕುರಿ ಕಾಯೋನು ಅಂತ ಬರ್ಕೊಳ್ರಿ, ಸಾಕು."

"ಲೇ, ಇದನ್ನ ಪೊಲೀಸ್ರೂ ಓದಲ್ಲ, ಯಾರೂ ಓದಲ್ಲ ಕಣಲೇ," ಅಂದ ತಿಪ್ಪೇಶ.

"ಯಾರೂ ಓದಲ್ಲ ಅಂದ್ರೆ ಯಾಕ್ಲೇ ಬರೀತೀರಾ?"

ಮೇಷ್ಟ್ರು ನಕ್ಕು ಪುಸ್ತಕ ಮುಚ್ಚಿದರು. ನಾನು ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಲೇಖನ ಅಚ್ಚಾಯಿತು. ಮೇಷ್ಟ್ರ ಹೆಸರಿನ ಪಕ್ಕ ತಿಪ್ಪೇಶನ ಹೆಸರು. ಕೊನೆಗೆ ಸಣ್ಣ ಅಕ್ಷರದಲ್ಲಿ 'ಒಬ್ಬ ಸ್ಥಳೀಯ ಕುರಿಗಾಹಿ'ಗೆ ಧನ್ಯವಾದ. ನಾನು ಹೇಳಿದಂತೆಯೇ ಮಾಡಿದ್ದರು. ದೂರಲು ಯಾರೂ ಇಲ್ಲ. ಎಂ.ಎಸ್ಸಿ. ಆದಮೇಲೆ ಆ ಒಂದು ಲೇಖನ ಹಿಡಿದುಕೊಂಡು ತಿಪ್ಪೇಶ ಆ ಮೇಷ್ಟ್ರ ಕೈಕೆಳಗೇ ಪಿಎಚ್.ಡಿ. ಸೇರಿದ, ಮುಗಿಸಿದ. ಈಗ ಅವನೇ ಮೇಷ್ಟ್ರು. ಮೊಳಕಾಲ್ಮೂರಿನಲ್ಲಿ ಅವನ ಮದುವೆ ಊಟಕ್ಕೆ ಕೂತಿದ್ದಾಗ ಅವ್ವ ಮೆಲ್ಲಗೆ ಕೇಳಿದಳು: "ನೀನೂ ಅವ್ನೂ ಒಂದೇ ಕಾವಲ್ನಾಗೆ ತಿರುಗಿದ್ರಿ ಅಲ್ವೇನಲೇ?" ಹ್ಞೂಂ ಅಂದೆ. ಪಾಯಸ ಎಲೆಯಲ್ಲೇ ಬಿಟ್ಟು ಎದ್ದೆ.

ಹೋದ ತಿಂಗಳು ತಿಪ್ಪೇಶ ತನ್ನ ವಿದ್ಯಾರ್ಥಿನಿಯನ್ನು ಕಾವಲಿಗೆ ಕಳಿಸಿದ್ದ. ಈ ಸಲ ತಪ್ಪು ಮಾಡಬಾರದು ಅಂತ ದಿನವಿಡೀ ಹುಲ್ಲು ತೋರಿಸಿದೆ. ಸಂಜೆ ಅವಳು ಪುಸ್ತಕ ತೆಗೆದು ಹೆಸರು ಕೇಳಿದಳು. ನನ್ನ ಹೆಸರು, ಅಪ್ಪನ ಹೆಸರು, ಊರು, ಹೋಬಳಿ, ಎಲ್ಲ ಬಿಡಿಸಿ ಬಿಡಿಸಿ ಹೇಳಿದೆ.

"ಹೆಸ್ರು, ನಂಬರ್ ಸಾಕಣ್ಣ. ಜೀಪು ಕೆಸರಲ್ಲಿ ಹೂತ್ರೆ ನಿಮಗೇ ಫೋನ್ ಮಾಡು ಅಂದಿದಾರೆ ನಮ್ ತಿಪ್ಪೇಶ್ ಸಾರ್."

ಕೊಟ್ಟೆ. ಎರಡು ಸಲ ಹೋಗಿ ತಳ್ಳಿಯೂ ಬಂದಿದ್ದೇನೆ.