ನನ್ನ ಟೊಂಕ ಅಚ್ಚಾದದ್ದು

ಬಬಲೇಶ್ವರದ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದರೂ ನನ್ನ ಹೆಸರು ಒಮ್ಮೆಯೂ ಎಲ್ಲೂ ಅಚ್ಚಾಗಿರಲಿಲ್ಲ. ಆ ಕೀರ್ತಿ ಟೊಂಕದ ಮೂಲಕ ಬರುತ್ತದೆಂದು ಯಾರು ಕಂಡಿದ್ದರು!

ವಿಜಯಪುರದ ಕೀಲುರೋಗದ ಡಾಕ್ಟರು ನನ್ನ ಎಂಆರ್‌ಐ ನೋಡಿ, "ಸರ್, ಇದು ಸ್ಪಾಂಡಿಲೋಆರ್ಥ್ರೈಟಿಸ್. ಬೆನ್ನಿನ ಕೀಲಿನಾಗ ಉರಿಯೂತ ಐತ್ರಿ. ಮಲಗಿದ್ರ ಬಿಗಿ ಹಿಡಿತೈತಿ, ಅಡ್ಡಾಡಿದ್ರ ಸಡ್ಲ ಆಗತೈತಿ. ನಿಮ್ಮ ಬಗ್ಗೆ ವೈದ್ಯರ ಪತ್ರಿಕಾಕ್ಕ ಒಂದು ಲೇಖನ ಬರೀಲೇನ್ರಿ?" ಎಂದರು.

ನನ್ನ ಕಣ್ಣು ತುಂಬಿತು. ಹರೆಯದಲ್ಲಿ, ತಿಕೋಟಾದ ಮನೆಯಲ್ಲಿ, ಮುಂಜಾನೆ ನನಗೆ ಹಾಸಿಗೆಯಿಂದ ಏಳಲಿಕ್ಕೇ ಆಗುತ್ತಿರಲಿಲ್ಲ. ಸಂಜೆ ಕಬಡ್ಡಿ ಅಂಗಳದಲ್ಲಿ ಮಾತ್ರ ನಾನು ಜಿಂಕೆ! ಅವ್ವ ಇಟ್ಟಿಗೆ ಕಾಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಬೆನ್ನಿಗೆ ಇಡುತ್ತಿದ್ದಳು. ಅಷ್ಟರಲ್ಲಿ ಹೊಲದ ಅರ್ಧ ಕೆಲಸ ಮುಗಿಸಿ ಬಂದ ಅಣ್ಣ ಶಿವಪ್ಪ, "ಕೆಲಸ ಅಂದ್ರ ಟೊಂಕ ನೋವು, ಕಬಡ್ಡಿ ಅಂದ್ರ ಏನೂ ಇಲ್ಲ. ಮೈಗಳ್ಳ!" ಎನ್ನುತ್ತಿದ್ದ.

ಈಗ ವಿಜ್ಞಾನವೇ ನನ್ನ ಪರ! ಒಪ್ಪಿಗೆಯ ಫಾರ್ಮನ್ನು ಓದದೆಯೇ ಸಹಿ ಹಾಕಿದೆ. ಓಣಿಗೆಲ್ಲ ಸುದ್ದಿ ಸಾರಿದೆ. ಲೇಖನ ಬಂದ ದಿನವೇ ಸೊಲ್ಲಾಪುರ ರಸ್ತೆಯ ಅಂಗಡಿಯಲ್ಲಿ ಇಪ್ಪತ್ತೈದು ಝೆರಾಕ್ಸ್ ತೆಗೆಸಿ ಹಂಚಿದೆ. ಒಂದಕ್ಕೆ ಗಾಜಿನ ಕಟ್ಟು ಹಾಕಿಸಿದೆ.

ಇಂಗ್ಲಿಷ್ ಬಲ್ಲ ಹೆಂಡತಿ ಕಸ್ತೂರಿ ಓದಿ ನೋಡಿದಳು. "ರೀ, ಇದರಾಗ ನಿಮ್ಮ ಹೆಸರ ಇಲ್ಲಲ್ರಿ. 'ಐವತ್ತೆಂಟು ವರ್ಷದ ಗಂಡಸು' ಅಂತ ಅಷ್ಟ ಐತಿ."

"ಫೋಟೋ?"

"ಐತಲ್ಲ. ಟೊಂಕದ್ದು."

ರೋಗಿಯ ಹೆಸರು, ಮುಖ ತೋರಿಸುವುದಿಲ್ಲವೆಂದು ಫಾರ್ಮಿನಲ್ಲೇ ಬರೆದಿತ್ತಂತೆ! ಪಕ್ಕದ ಮನೆಯ ದಸ್ತಗೀರ್ ಸಾಹೇಬರು ಝೆರಾಕ್ಸನ್ನು ತಿರುತಿರುಗಿಸಿ, "ಸರ್, ಭಾಳ ಛಲೋ ಬಂದೈತ್ರಿ. ಯಾವ ಕಡಿಂದ ನೋಡ್ಬೇಕ್ರಿ?" ಎಂದರು.

ಆದರೂ ಸೋಲೊಪ್ಪದೆ, ಆ ಗಾಜಿನ ಕಟ್ಟನ್ನು ಬಗಲಲ್ಲಿಟ್ಟುಕೊಂಡು ತಿಕೋಟಾದ ಬಸ್ ಹತ್ತಿದೆ. ಅಣ್ಣನ ಮುಂದೆ ಅದನ್ನಿಟ್ಟು, ಕಸ್ತೂರಿ ಹೇಳಿಕೊಟ್ಟದ್ದನ್ನೆಲ್ಲ ಒಪ್ಪಿಸಿದೆ. "ನೋಡಣ್ಣಾ, ನಾ ಮೈಗಳ್ಳ ಅಲ್ಲ. ಇದು ರೋಗ!"

ಅಣ್ಣ ಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ತಮ್ಮಾ, ಅಡ್ಡಾಡಿದ್ರ ಸಡ್ಲ ಆಗತೈತಿ ಅಂದ್ಯಲ್ಲ? ನನಗೂ ಹಂಗ ಐತಿ. ಹರೇದಾಗಿಂದ. ಮಲಗಾಕ ಆಗ್ತಿರಲಿಲ್ಲ, ಅದಕ್ಕ ನಸುಕಿನಾಗ ಎದ್ದು ಹೊಲಕ್ಕ ಓಡ್ತಿದ್ದೆ."

"ಮತ್ತ ಯಾಕ ಹೇಳಲಿಲ್ಲೋ ಯಣ್ಣಾ?"

"ಊರೆಲ್ಲ ದುಡಿಯೋ ಮಗ ಅಂತಿತ್ತು. ಹೆಂಗ ಹೇಳ್ಲಿ?"

ಒಂದೇ ರೋಗ. ಅವನು ದುಡಿಮೆಗಾರ, ನಾನು ಮೈಗಳ್ಳ! ಇಬ್ಬರೂ ನಕ್ಕೆವು. ನಗುವಾಗ ಟೊಂಕ ಹಿಡಿದು ಇಬ್ಬರೂ ಅತ್ತೆವು.

ಮರುದಿನವೇ ಅವನನ್ನು ಡಾಕ್ಟರ ಬಳಿ ಕರೆದೊಯ್ದೆ. ಔಷಧಿ ಶುರುವಾಯಿತು, ಅಣ್ಣ ಚೇತರಿಸಿಕೊಂಡ. ಇಷ್ಟು ವರ್ಷ ದುಡಿಯುತ್ತಲೇ ನೋವು ಮುಚ್ಚಿಟ್ಟವನನ್ನು ಕಂಡು ಡಾಕ್ಟರಿಗೆ ಹಿಗ್ಗೋ ಹಿಗ್ಗು! ಅವನ ಮೇಲೂ ಒಂದು ಲೇಖನ ಬರೆದರು. ಅಣ್ಣನ ಟೊಂಕ ಅರ್ಧ ಪುಟ ಬಂತು.

ನನ್ನ ಬಗ್ಗೆ ಕೊನೆಗೆ ಒಂದು ಸಾಲು: "ರೋಗಿಯ ತಮ್ಮನಿಗೂ ಇದೇ ಬೇನೆ ಇದೆ."

ಈ ಸಲ ನನ್ನ ಟೊಂಕವನ್ನೂ ಹಾಕಿರಲಿಲ್ಲ!