ಬಿನ್ ಬೆನಕಪ್ಪ

ತರೀಕೆರೆ ತಾಲ್ಲೂಕು ಕಚೇರಿಯ ಗುಮಾಸ್ತ ಷಣ್ಮುಖಪ್ಪನನ್ನು ಜಿಲ್ಲೆಯ ಗಡಿಯಲ್ಲಿ ಹಿಡಿದು ನಿಲ್ಲಿಸಿದ್ದು ಎರಡಕ್ಷರದ ಒಂದು ಪದ. ಆ ಪದವನ್ನು ಅವನು ಹದಿನಾಲ್ಕು ವರ್ಷಗಳಿಂದ ದಿನಕ್ಕೆ ನೂರು ಸಲ ಬರೆಯುತ್ತಿದ್ದ. ಖಾತೆಯಿರಲಿ, ಪಹಣಿಯಿರಲಿ, ನೋಟೀಸಿರಲಿ, ಇಂಥವನು ಬಿನ್ ಇಂಥವನು. ಬಿನ್ ಎಂದರೆ ಮಗ. ಯಾವ ಕಾಲದ ಯಾವ ಅಮಲ್ದಾರ ಈ ಪದವನ್ನು ಕುದುರೆ ಮೇಲೆ ಹೇರಿಕೊಂಡು ಬಂದು ನಮ್ಮ ದಫ್ತರಗಳಲ್ಲಿ ಇಳಿಸಿದನೋ ಗೊತ್ತಿಲ್ಲ. ಅಪ್ಪನ ಹೆಸರಿಲ್ಲದ ಮಗನಿಗೆ ಒಂದು ಗುಂಟೆ ಜಮೀನೂ ಇಲ್ಲ ಎಂಬುದನ್ನು ಮಾತ್ರ ಅದು ನಮಗೆ ಚೆನ್ನಾಗಿ ಕಲಿಸಿಬಿಟ್ಟಿದೆ.

ಷಣ್ಮುಖಪ್ಪನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅಜ್ಜಂಪುರದ ಮಂಡಿ ಬೆನಕಪ್ಪನವರ ಒಬ್ಬನೇ ಮಗ ಅವನು. ನಲವತ್ತೊಂದು ತುಂಬಿ ಕಿವಿಯ ಪಕ್ಕ ನರೆ ಬಂದಿದ್ದರೂ ಊರಿಗೆ ಅವನು ‘ಬೆನಕಪ್ನೋರ ಹುಡುಗ’. ಶಾಲೆಗೆ ಸೇರಿಸಿದ್ದು ಅಪ್ಪ, ಕೆಲಸ ಕೊಡಿಸಿದ್ದು ಅಪ್ಪ, ಹೆಣ್ಣು ನೋಡಲು ಹೋದಾಗ ಹುಡುಗಿಗೆ ಪ್ರಶ್ನೆ ಕೇಳಿದ್ದೂ ಅಪ್ಪನೇ. ಏಳು ವರ್ಷದ ಹಿಂದೆ ಮನೆಗೆ ಮೋಟಾರ್ ಸೈಕಲ್ ಬಂತು. ಹೆಸರು ಅಪ್ಪನದು, ಓಡಿಸುವವನು ಮಗ, ಹಿಂದೆ ಕೂರುವವರು ಅಪ್ಪ. ಕೂತವರು ಸುಮ್ಮನೆ ಕೂರುತ್ತಿರಲಿಲ್ಲ. “ಕ್ಲಚ್ ಹಿಡಿ. ಎರಡ್ನೇ ಗೇರು. ಈಗ ಬಿಡು, ನಿಧಾನ. ಎಮ್ಮೆ ಐತೆ ಮುಂದೆ, ಹಾರನ್ನು.” ಕಚೇರಿಗೆ ಹೋಗಲು ಬಸ್ಸಿತ್ತು. ಹೀಗಾಗಿ ಬೆನ್ನ ಹಿಂದೆ ಆ ದನಿಯಿಲ್ಲದೆ ಷಣ್ಮುಖಪ್ಪ ಎರಡು ಮೈಲಿ ಗಾಡಿ ಓಡಿಸಿದ್ದೇ ಇಲ್ಲ.

ಅವನಿಗೆ ಒಂದೇ ಆಸೆ. ಒಂದು ಸಲ, ಒಂದೇ ಸಲ, ಒಬ್ಬನೇ ಬಹಳ ದೂರ ಹೋಗಿಬರಬೇಕು. ಶ್ರೀಶೈಲ ಎಂದು ಗೊತ್ತುಮಾಡಿಕೊಂಡ. ಮಲ್ಲಿಕಾರ್ಜುನನ ಮೇಲೆ ಅವನಿಗೆ ಭಕ್ತಿ ಇರಲಿಲ್ಲವೆಂದಲ್ಲ, ದಾರಿಯ ಮೇಲೆ ಇದ್ದಷ್ಟು ಇರಲಿಲ್ಲ.

ಈ ಗುಟ್ಟನ್ನು ಪಕ್ಕದ ಮೇಜಿನ ಗಂಗಾಧರಯ್ಯನಿಗೆ ಹೇಳಿದ್ದೇ ತಪ್ಪಾಯಿತು. ಗಂಗಾಧರಯ್ಯ ಒಮ್ಮೆ ಲಾರಿಯಲ್ಲಿ ಕೂತು ಬಳ್ಳಾರಿ ದಾಟಿ ಹೋಗಿಬಂದಿದ್ದ. ಅಂದಿನಿಂದ ಗಡಿಗಳ ವಿಷಯದಲ್ಲಿ ಕಚೇರಿಗೆಲ್ಲ ಅವನದೇ ಕೊನೆಯ ಮಾತು.

“ಬಾರ್ಡರು ಅಂದ್ರೆ ಹುಡುಗಾಟ ಅಲ್ಲ ಕಣಯ್ಯ. ಗಾಡಿ ನಿಮ್ಮಪ್ಪನ ಹೆಸ್ರಲ್ಲೈತೆ, ಓಡ್ಸೋನು ನೀನು. ಕೈಲೊಂದು ಕಾಗ್ದ ಇಲ್ದಿದ್ರೆ ಆಂಧ್ರದೋರು ಒಳಗಾಕ್ತಾರೆ.”

ಕಾಗದವನ್ನು ಗಂಗಾಧರಯ್ಯನೇ ಇಂಗ್ಲಿಷಿನಲ್ಲಿ ಟೈಪು ಮಾಡಿದ. ‘ಷಣ್ಮುಖಪ್ಪ ಬಿನ್ ಬೆನಕಪ್ಪ ಈಸ್ ಪರ್ಮಿಟೆಡ್ ಟು ಟೇಕ್ ದಿ ಮೋಟಾರ್ ಸೈಕಲ್.’ ಶಿರಸ್ತೇದಾರರು ನೂರು ಕಾಗದಗಳ ನಡುವೆ ಅದಕ್ಕೂ ಒಂದು ರುಜು ಹಾಕಿ ಮೊಹರು ಒತ್ತಿದರು. ಅಷ್ಟಕ್ಕೇ ಬಿಡದೆ ಗಂಗಾಧರಯ್ಯ ಹಳೆಯ ಪಹಣಿಯ ಬೆನ್ನ ಮೇಲೆ ಶ್ರೀಶೈಲದವರೆಗೆ ದಾರಿ ಬರೆದು, ಎಲ್ಲೆಲ್ಲಿ ಪೊಲೀಸ್ ಗೇಟಿದೆಯೋ ಅಲ್ಲೆಲ್ಲ ಕೆಂಪು ಮಸಿಯಲ್ಲಿ ಗುರುತು ಹಾಕಿಕೊಟ್ಟ.

ಮನೆಯಲ್ಲಿ ಷಣ್ಮುಖಪ್ಪ ಹೇಳಿದ್ದು ಬೇರೆ. ಎಮ್ಮೆದೊಡ್ಡಿ ಕಾವಲಿನ ಜಮೀನು ಅಳತೆ ನಡೀತಿದೆ, ಕಡೂರಿನಲ್ಲಿ ಏಳು ದಿನ ಕ್ಯಾಂಪು ಅಂತ. ಬೆಳಗ್ಗೆ ಆರಕ್ಕೆ ಬೆನಕಪ್ಪನವರು ಲಿಂಗಪೂಜೆಗೆ ಕೂತ ಹೊತ್ತು ನೋಡಿ, ಗಾಡಿಯನ್ನು ಬೀದಿಯ ಕೊನೆಯವರೆಗೆ ತಳ್ಳಿಕೊಂಡು ಹೋಗಿ ಕಿಕ್ಕರ್ ಒದ್ದ. ಕಡೂರಿನ ಕಡೆಗಲ್ಲ, ಹೊಸದುರ್ಗದ ಕಡೆಗೆ.

ಆ ಮೊದಲ ಹತ್ತು ಮೈಲಿಯಂಥ ಹತ್ತು ಮೈಲಿ ಅವನ ಬದುಕಿನಲ್ಲಿ ಹಿಂದೆಂದೂ ಬಂದಿರಲಿಲ್ಲ. ಹಾರನ್ ಹೊಡೆಯಬೇಕಾದ ಕಡೆ ಹೊಡೆಯಲಿಲ್ಲ, ಖಾಲಿ ರಸ್ತೆಯಲ್ಲಿ ಎರಡು ಸಲ ಸುಮ್ಮನೆ ಹೊಡೆದ. ಬೆನ್ನಿಗೆ ತಣ್ಣನೆ ಗಾಳಿ ತಾಗುತ್ತಿತ್ತು. ಏಳು ವರ್ಷದಲ್ಲಿ ಬೆನ್ನಿಗೆ ಗಾಳಿ ತಾಗಿದ್ದು ಅದೇ ಮೊದಲು. ಅವನಿಗೆ ಖುಷಿಯಾಯಿತು, ಯಾಕೋ ಸ್ವಲ್ಪ ಅಳುವೂ ಬಂತು.

ಜಿಲ್ಲೆಯ ಗಡಿಯಲ್ಲಿ ಅಡ್ಡಗಂಬ ಇಳಿದಿತ್ತು. ಅದು ಎಪ್ಪತ್ತಾರನೇ ಇಸವಿ, ತುರ್ತು ಪರಿಸ್ಥಿತಿಯ ಕಾಲ. ಬೀರೂರಿಗೆ ರೈಲುಗಳೇ ಹೇಳಿದ ಹೊತ್ತಿಗೆ ಬರುತ್ತಿದ್ದವು ಅಂದ ಮೇಲೆ ಪೊಲೀಸರ ಮಾತೇನು. ಆ ವಾರ ಆಸುಪಾಸಿನಲ್ಲಿ ಎರಡು ಮೋಟಾರ್ ಸೈಕಲ್ ಕಳುವಾಗಿದ್ದವು ಬೇರೆ. ಗೇಟಿನಲ್ಲಿ ತರಬೇತಿಗೆಂದು ಬಂದ ಎಳೇ ಸಾಹೇಬರೊಬ್ಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಉತ್ತರದ ಕಡೆಯವರು, ಈ ಸೀಮೆಗೆ ಬಂದು ಎರಡು ತಿಂಗಳಾಗಿತ್ತು. ಜೊತೆಗೆ ಹೆಡ್ ಕಾನ್‌ಸ್ಟೇಬಲ್ ರಂಗಪ್ಪ. ಅವನಿಗೆ ಹಿಂದಿ ಬರುತ್ತದೆ ಎಂದು ಯಾರೋ ಮೇಲಿನವರಿಗೆ ಹೇಳಿದ್ದರು. ರಂಗಪ್ಪನಿಗೆ ಇಲ್ಲ ಅನ್ನಲು ಧೈರ್ಯ ಬಂದಿರಲಿಲ್ಲ.

ಸಾಹೇಬರು ಕೇಳುವ ಮೊದಲೇ ಷಣ್ಮುಖಪ್ಪ ಕಾಗದ ತೆಗೆದು ಕೊಟ್ಟ. ಅವರು ಓದಿದರು. ಹುಬ್ಬು ಗಂಟಿಕ್ಕಿತು. ಗಾಡಿಯ ಆರ್‌ಸಿ ಪುಸ್ತಕ ಕೇಳಿದರು. ಅದನ್ನು ಬರೆದವನೂ ನಮ್ಮ ಕಡೆಯ ಗುಮಾಸ್ತನೇ. ‘ಬೆನಕಪ್ಪ ಬಿನ್ ತೀರ್ಥಪ್ಪ’ ಎಂದಿತ್ತು. ಸಾಹೇಬರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ರಂಗಪ್ಪನಿಗೆ ಹಿಂದಿಯಲ್ಲಿ ಏನೋ ಹೇಳಿದರು.

ರಂಗಪ್ಪ ತಲೆ ಕೆರೆದುಕೊಂಡ. “ಸ್ವಾಮಿ, ಅವ್ರ ಭಾಷೇಲಿ ಬಿನ್ ಅಂದ್ರೆ ‘ಇಲ್ದೆ’ ಅಂತಂತೆ. ಬೆನಕಪ್ಪ ಇಲ್ದೆ ಷಣ್ಮುಖಪ್ಪ, ತೀರ್ಥಪ್ಪ ಇಲ್ದೆ ಬೆನಕಪ್ಪ. ಒಬ್ರಿಗೊಬ್ರು ಇಲ್ದಂಗಾಗಿ ಗಾಡಿ ಮಾತ್ರ ಉಳ್ದೈತಲ್ಲ, ಮಿಕ್ಕಿಬ್ರು ಎಲ್ಲೋದ್ರು ಅಂತ ಕೇಳ್ತಾವ್ರೆ.”

“ಬಿನ್ ಅಂದ್ರೆ ಮಗ ಅಂತ ಹೇಳ್ರೀ.”

“ಹೇಳ್ದೆ ಸ್ವಾಮಿ. ನನ್ನ ತಾಯಿ ಭಾಷೆ ನಂಗೇ ಹೇಳ್ಕೊಡ್ತೀಯಾ ಅಂದ್ರು.”

ಷಣ್ಮುಖಪ್ಪ ತನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಲು ಹೋದ. ‘ಐ ಆಮ್ ಬಿನ್, ಫಾದರ್ ಈಸ್ ಬೆನಕಪ್ಪ’ ಎಂದ. ಅದರಿಂದ ಏನೂ ತಿಳಿಯಾಗಲಿಲ್ಲ. ಚೀಲ ಬಿಚ್ಚಿಸಿದರು. ರಾಗಿ ಹುರಿಹಿಟ್ಟು, ಎರಡು ಜೊತೆ ಬಟ್ಟೆ, ವಿಭೂತಿ ಗಟ್ಟಿ, ಅದರ ಕೆಳಗೆ ಆ ನಕ್ಷೆ. ಕೆಂಪು ಗುರುತುಗಳ ಮೇಲೆ ಸಾಹೇಬರ ಬೆರಳು ಒಂದೊಂದಾಗಿ ನಡೆಯಿತು. ಮೊದಲ ಗುರುತು ಅವರು ಕೂತಿದ್ದ ಗೇಟಿನದೇ. ಮರ್ಯಾದಸ್ಥ ಮನುಷ್ಯ ಪೊಲೀಸರು ಎಲ್ಲೆಲ್ಲಿದ್ದಾರೆ ಎಂದು ಬರೆದುಕೊಂಡು ಯಾಕೆ ತಿರುಗುತ್ತಾನೆ, ಹೇಳಿ? ನಾನೇ ಆ ಕುರ್ಚಿಯಲ್ಲಿದ್ದಿದ್ದರೂ ಬಿಡುತ್ತಿರಲಿಲ್ಲ.

ಒಂಬತ್ತು ಗಂಟೆಗೆ ಅಜ್ಜಂಪುರದ ಬಸ್ಸು ಬಂದು ಗೇಟಿನಲ್ಲಿ ನಿಂತಿತು. ಕಿಟಕಿಯಲ್ಲಿ ಎದುರು ಮನೆಯ ಕರಿಬಸಮ್ಮನ ಮುಖ ಕಂಡಿತು, ಮಗಳ ಬಾಣಂತನಕ್ಕೆ ಹೊರಟಿದ್ದಳು. ಷಣ್ಮುಖಪ್ಪನಿಗೆ ಹೋದ ಜೀವ ಬಂದಂತಾಯಿತು. ಅವಳು ತನ್ನನ್ನು ಎತ್ತಿ ಆಡಿಸಿದವಳು, ಒಂದು ಮಾತು ಹೇಳಿದರೆ ಸಾಕು.

ಕರಿಬಸಮ್ಮ ಬಸ್ಸಿನಿಂದಿಳಿದೇ ಬಂದಳು. “ಲೇ ಷಣ್ಮುಖ, ಕಡೂರಿಗೋಗ್ತೀನಿ ಅಂದಿದ್ಯಂತಲ್ಲೋ. ಇಲ್ಲೇನ್ ಮಾಡ್ತಿದ್ದೀಯ?”

ರಂಗಪ್ಪ ಇದನ್ನು ತಪ್ಪಿಲ್ಲದೆ ಹಿಂದಿಗೆ ತಂದ. ದುರದೃಷ್ಟಕ್ಕೆ ಆ ದಿನ ಅವನು ತಪ್ಪಿಲ್ಲದೆ ತಂದದ್ದು ಇದೊಂದೇ.

“ಅದಿರ್ಲಿ ತಾಯಿ, ಇವ್ರು ಬೆನಕಪ್ಪನ ಮಗ ಹೌದೋ ಅಲ್ವೋ, ಅಷ್ಟು ಹೇಳಿ.”

ಕರಿಬಸಮ್ಮ ಸೊಂಟದ ಮೇಲೆ ಕೈಯಿಟ್ಟು ಷಣ್ಮುಖಪ್ಪನನ್ನು ಮೇಲಿನಿಂದ ಕೆಳಗೆ ನೋಡಿದಳು. “ಇವ್ನನ್ನ ಬೆನಕಪ್ಪಣ್ಣನ ಮಗ ಅಂತ ಯಾವ ಬಾಯಲ್ಲಿ ಹೇಳ್ಲಿ ಕಣಪ್ಪಾ. ಅವರ ಗತ್ತೇನು, ಗಾಂಭೀರ್ಯವೇನು. ಇವ್ನು ಒಂದು ಸುಳ್ಳಾದ್ರೂ ನೆಟ್ಟಗೆ ಹೇಳೋಕೆ ಬರ್ದೋನು.”

ರಂಗಪ್ಪ ಸಾಹೇಬರ ಕಡೆ ತಿರುಗಿ ಮಗ ಅನ್ನಲು ಈಯಮ್ಮ ಒಪ್ಪುತ್ತಿಲ್ಲ ಎಂದ. ಸಾಹೇಬರು ಪೆನ್ನು ತೆಗೆದು ಬರೆಯತೊಡಗಿದರು. ಕರಿಬಸಮ್ಮ ಎದುರಿನಿಂದ ಬಂದ ಬಸ್ಸಿನ ಕಂಡಕ್ಟರನಿಗೆ “ಬೆನಕಪ್ಪಣ್ಣಂಗೆ ಹೇಳು, ಮಗನ್ನ ಪೊಲೀಸಿನೋರು ಹಿಡ್ಕೊಂಡವ್ರೆ” ಎಂದು ಹೇಳಿ ಕಳಿಸಿ, ಪುಣ್ಯದ ಕೆಲಸ ಮಾಡಿದ ತೃಪ್ತಿಯಿಂದ ತನ್ನ ಬಸ್ಸು ಹತ್ತಿದಳು.

ಹುಣಸೆಮರದ ಕೆಳಗೆ ಕೂತ ಷಣ್ಮುಖಪ್ಪನಿಗೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು. ಕರಿಬಸಮ್ಮನ ಮಾತಿನಲ್ಲಿ ಸುಳ್ಳೇನಿತ್ತು? ಅಪ್ಪನ ಮಗ ಅಂದರೆ ಸಾಕು, ಅಜ್ಜಂಪುರದಲ್ಲಿ ಎಲ್ಲ ಬಾಗಿಲೂ ತೆರೆಯುತ್ತಿತ್ತು. ತೆರೆದದ್ದು ತನಗಾಗಿ ಎಂದು ಅವನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಆ ಹೆಸರನ್ನು ಹಿಂದೆ ಬಿಟ್ಟು ಬರೋಣ ಎಂದು ಹೊರಟರೆ ಅದು ಮುಂದಿನ ಗೇಟಿನಲ್ಲೇ ಬಂದು ಕೂತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಐನೂರು ಕಿಲೋಮೀಟರ್ ಹೊರಟವನು ಹತ್ತು ಮೈಲಿಗೆ ಸಿಕ್ಕಿಬಿದ್ದಿದ್ದ. ಆಂಧ್ರದವರ ಕೈಗೆ ಸಿಕ್ಕಿದ್ದರೂ ಊರಲ್ಲಿ ಹೇಳಿಕೊಳ್ಳಲು ಒಂದು ಮರ್ಯಾದೆ ಇರುತ್ತಿತ್ತು.

ಮಧ್ಯಾಹ್ನ ಎರಡರ ಬಸ್ಸಿನಲ್ಲಿ ಬೆನಕಪ್ಪನವರು ಇಳಿದರು. ಅರವತ್ತೆಂಟು ವರ್ಷ, ಬಿಳಿ ಜುಬ್ಬ, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಕೊಡೆ, ಕೈಯಲ್ಲೊಂದು ಬಟ್ಟೆಯ ಚೀಲ. ಅವರ ಮೀಸೆ ನೋಡಿಯೇ ಸಾಹೇಬರು ಅರ್ಧ ಎದ್ದು ನಿಂತರು. ಕಾಗದ, ನಕ್ಷೆ ಎಲ್ಲವನ್ನೂ ಮುಂದಿಟ್ಟರು. ರಂಗಪ್ಪ ಕೇಳಿದ, “ಯಜಮಾನ್ರೇ, ಇವ್ರು ಯಾರು?”

“ಗಾಡೀನೂ ನಂದೇ, ಹುಡುಗನೂ ನನ್ನೋನೇ.”

“ತಗೊಂಡೋಗು ಅಂತ ನೀವು ಹೇಳಿದ್ರಾ?”

ಬೆನಕಪ್ಪನವರು ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. “ಇಲ್ಲ” ಎಂದರು. ಮಗನ ಕಡೆ ನೋಡಿ, “ಕೇಳಿದ್ರೆ ಕೊಡ್ತಿದ್ದೆ. ಕೇಳ್ಲಿಲ್ಲ” ಎಂದರು.

ಷಣ್ಮುಖಪ್ಪ ತಲೆ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದೂರು ಕೊಡುತ್ತೀರಾ ಎಂದರೆ ಬೇಡ ಎಂದರು ಬೆನಕಪ್ಪನವರು. ಹಾಗಾದರೆ ಗಾಡಿಯನ್ನು ಮಾಲೀಕರ ವಶಕ್ಕೆ ಮಾತ್ರ ಕೊಡುತ್ತೇನೆ, ಓಡಿಸುವವರ ಲೈಸೆನ್ಸ್ ತೋರಿಸಿ ಎಂದರು ಸಾಹೇಬರು. ಷಣ್ಮುಖಪ್ಪ ತನ್ನದನ್ನು ತೆಗೆಯಲು ಜೇಬಿಗೆ ಕೈ ಹಾಕಿದ. ಇನ್ನೇನು, ಅಪ್ಪ ಹಿಂದೆ ಕೂರುತ್ತಾರೆ, ಮನೆ ಮುಟ್ಟುವವರೆಗೆ ಕ್ಲಚ್ಚು, ಗೇರು, ಎಮ್ಮೆ. ಅವನ ಕೈ ಹೊರಗೆ ಬರುವಷ್ಟರಲ್ಲಿ ಬೆನಕಪ್ಪನವರು ಜುಬ್ಬದ ಒಳಜೇಬಿನಿಂದ ಮೇಣಗಾಗದದಲ್ಲಿ ಸುತ್ತಿದ ಒಂದು ಪುಸ್ತಕ ತೆಗೆದು ಕೊಟ್ಟರು. ಅವರದೇ ಲೈಸೆನ್ಸು. ಗಾಡಿ ಕೊಂಡ ವರ್ಷ ಮಾಡಿಸಿ ತಪ್ಪದೆ ನವೀಕರಿಸುತ್ತ ಬಂದದ್ದು, ಒಂದು ಮಡಿಕೆಯೂ ಬಿದ್ದಿರಲಿಲ್ಲ.

ಪಂಚೆಯ ಕಚ್ಚೆ ಬಿಗಿದು, ಕೊಡೆಯನ್ನು ಮಗನ ಕೈಗೆ ಕೊಟ್ಟು, ಅವರು ಮುಂದಿನ ಸೀಟಿನಲ್ಲಿ ಕೂತರು.

“ಅಪ್ಪಾಜಿ, ನಿಮಗೆ ಓಡ್ಸಕ್ ಬರಲ್ವಲ್ಲ.”

“ನಿನ್ನ ಹಿಂದೆ ಏಳು ವರ್ಷ ಕೂತಿದ್ದು ನಿಂಗೆ ಹೇಳ್ಕೊಡೋಕೆ ಅಂದ್ಕೊಂಡ್ಯಾ?” ಎಂದರು ಬೆನಕಪ್ಪನವರು. “ನಾನು ಕಲಿಯೋಕೆ ಕಣೋ. ಬಾಯಲ್ಲಿ ಹೇಳ್ಕೊಂಡಿದ್ದು ಮರೀಬಾರ್ದು ಅಂತ.”

ಷಣ್ಮುಖಪ್ಪ ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

“ಹುಡುಗ್ನಾಗಿದ್ದಾಗ ನಿಮ್ ತಾತ ನನ್ನೊಬ್ನನ್ನೇ ಎಲ್ಲೂ ಕಳಿಸ್ಲಿಲ್ಲ. ಯಜಮಾನ ಆದ್ಮೇಲೆ ಊರೋರು ಒಬ್ನನ್ನೇ ಬಿಡ್ಲಿಲ್ಲ. ಈ ವಯಸ್ಸಲ್ಲಿ ಗಾಡಿ ಹತ್ತಿದ್ರೆ ಜನ ಏನಂತಾರೋ ಅಂತ ನಾನೂ ಸುಮ್ನಿದ್ದೆ. ಇವತ್ತು ಸುದ್ದಿ ಬಂದಾಗ ಯೋಚ್ನೆ ಮಾಡ್ದೆ. ಇವ್ನೇ ಹೊರ್ಟವ್ನಲ್ಲ, ನಂಗೇನಾಗೈತೆ ಅಂತ.” ಅವರು ಕೈ ಚಾಚಿ ಸಾಹೇಬರ ಮುಂದಿದ್ದ ನಕ್ಷೆ ತೆಗೆದುಕೊಂಡರು. “ಯಾರ್ ಬರೆದದ್ದೋ, ಚೆನ್ನಾಗಿ ಬರ್ದವ್ನೆ.”

“ಒಬ್ರೇ ಹೋಗ್ಬ್ಯಾಡಿ ಅಪ್ಪಾಜಿ. ಹಿಂದೆ ಕೂತ್ಕೋತೀನಿ, ನಾನೂ ಬತ್ತೀನಿ.”

“ನೀನು ಬಂದ್ರೆ ಒಬ್ನೇ ಹೋದಂಗೆ ಹೆಂಗಾಗುತ್ತೆ?” ಅವರು ಹುರಿಹಿಟ್ಟಿನ ಚೀಲವನ್ನು ತಮ್ಮ ಬಟ್ಟೆಯ ಚೀಲದ ಜೊತೆ ಹಿಂದೆ ಕಟ್ಟಿಸಿಕೊಂಡರು. “ಹೆಂಗೂ ಏಳು ದಿನ ರಜಾ ಹಾಕಿದ್ದೀಯ. ಮಂಡಿ ನೋಡ್ಕೋ. ನಿಮ್ಮಮ್ಮಂಗೆ ಏನಾದ್ರೂ ಒಂದು ಹೇಳು. ಸುಳ್ಳು ಹೇಳೋದ್ರಲ್ಲಿ ನಿಂಗೀಗ ಕೈ ಕುದುರೈತೆ.”

ಸಾಹೇಬರಿಗೆ ಇದೊಂದೂ ಅರ್ಥವಾಗಲಿಲ್ಲ. ಮಾಲೀಕ, ಲೈಸೆನ್ಸು, ಗಾಡಿ ಮೂರೂ ಒಂದೇ ಕಡೆ ಸೇರಿದ್ದು ಕಂಡು ಅವರ ಮುಖ ಬೆಳಗಿನಿಂದ ಮೊದಲ ಬಾರಿಗೆ ಅರಳಿತು. ತಾವೇ ಎದ್ದು ಹೋಗಿ ಅಡ್ಡಗಂಬ ಎತ್ತಿದರು. ಬೆನಕಪ್ಪನವರು ಒಂದೇ ಒದೆತಕ್ಕೆ ಗಾಡಿ ಹೊರಡಿಸಿ, ಸ್ವಲ್ಪ ಓಲಾಡಿ, ಆಮೇಲೆ ನೆಟ್ಟಗೆ ಹೋದರು. ದಿಬ್ಬ ಹತ್ತುವಾಗ ಅವರ ಜುಬ್ಬದ ಬೆನ್ನು ಗಾಳಿಗೆ ಉಬ್ಬಿತ್ತು. ಷಣ್ಮುಖಪ್ಪನಿಗೆ ಹೊಟ್ಟೆಕಿಚ್ಚಾಯಿತು. ಅಪ್ಪನನ್ನು ಕಂಡು ಅಷ್ಟು ಪ್ರೀತಿ ಬಂದದ್ದೂ ಅದೇ ಗಳಿಗೆಯಲ್ಲಿ, ಎರಡರಲ್ಲಿ ಯಾವುದು ಹೆಚ್ಚೆಂದು ಅವನಿಗೆ ಗೊತ್ತಾಗಲಿಲ್ಲ.

ರಂಗಪ್ಪ ಪಕ್ಕಕ್ಕೆ ಬಂದು ನಿಂತ. “ಪಾಪ, ವಯಸ್ಸಾದೋರು. ಅಷ್ಟು ದೂರ ಒಬ್ರನ್ನೇ ಕಳಿಸ್ಬಿಟ್ರಲ್ಲ ಸ್ವಾಮಿ. ಮಗ ಅಂತ ನೀವಿದ್ದೂ ಜೊತೇಲಿ ಹೋಗಬಾರ್ದಾಗಿತ್ತಾ?”

“ಬತ್ತೀನಿ ಅಂದೆ” ಎಂದ ಷಣ್ಮುಖಪ್ಪ, “ಬ್ಯಾಡ ಅಂದ್ರು.”

ಅಜ್ಜಂಪುರಕ್ಕೆ ಹೋಗುವ ಬಸ್ಸು ಬರಲು ಇನ್ನೂ ಒಂದು ಗಂಟೆಯಿತ್ತು. ಅವನು ಕೊಡೆ ಬಿಚ್ಚಿಕೊಂಡು ಹುಣಸೆಮರದ ಕೆಳಗೆ ಒಬ್ಬನೇ ಕೂತ.